ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ಮುನ್ನ: ಮಾತ್ರೆಗಳ ಚೀಲ ತನ್ನಿ

ಕೇಳುಗರಿಗೆ ನಮಸ್ಕಾರ.

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಶಸ್ತ್ರಚಿಕಿತ್ಸೆಗೆ ವಾರಗಟ್ಟಲೆ ಕಾಯಿಸುತ್ತಾರಲ್ಲ ಎಂದು ಮನೆಯವರು ಕಂಗಾಲಾಗುವುದುಂಟು. ಬಯಾಪ್ಸಿಗೆ, ಅಂದರೆ ಪರೀಕ್ಷೆಗೆಂದು ಗ್ರಂಥಿಯ ಚೂರು ತೆಗೆಯಲು, ಸೂಜಿ ಚುಚ್ಚಿದ ಜಾಗ ಊದಿರುತ್ತದೆ, ಹಿಂದಿನ ಗುದನಾಳಕ್ಕೆ ಅಂಟಿಕೊಂಡಿರಲೂಬಹುದು. ಅದು ಆರಲೆಂದೇ ಸಾಮಾನ್ಯವಾಗಿ 6ರಿಂದ 8 ವಾರ ಬಿಡುತ್ತಾರೆ. ಸಿದ್ಧತೆಗೆ ಸಿಗುವ ಕಾಲವೂ ಅದೇ. ಬೀಡಿ, ಸಿಗರೇಟು ಅಂದೇ ಬಿಡಿ. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಸೋಂಕು ಕಂಡರೆ ಮೊದಲು ಅದು ವಾಸಿಯಾಗಬೇಕು.

ಹೆಚ್ಚು ಎಡವಟ್ಟಾಗುವುದು ಮಾತ್ರೆಗಳಲ್ಲಿ. 'ಬಿಪಿಗೊಂದು, ಶುಗರಿಗೊಂದು' ಎಂದು ಬಾಯಲ್ಲಿ ಹೇಳಿದರೆ ಸಾಲದು. ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿ ತನ್ನಿ. ಕೊಲೆಸ್ಟರಾಲ್‌ಗೆಂದು ನುಂಗುವ ಕ್ಯಾಪ್ಸೂಲಿನ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ: ಅಟೊರ್ವಾಸ್ಟಾಟಿನ್ ಜೊತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಕೂಡ ಇರಬಹುದು. ಕ್ಲೊಪಿಡೊಗ್ರೆಲ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಅದನ್ನು 5ರಿಂದ 7 ದಿನ ಮೊದಲೇ ನಿಲ್ಲಿಸುವುದು ವಾಡಿಕೆ. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದೇ ಪ್ರಾಣಾಪಾಯ; ಹೃದ್ರೋಗ ವೈದ್ಯರೂ ಸರ್ಜನ್ನರೂ ಮಾತಾಡಿಕೊಂಡೇ ದಿನ ನಿಗದಿಮಾಡಬೇಕು.

ಸಕ್ಕರೆ ಕಾಯಿಲೆಯವರ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಕನಿಷ್ಠ 3 ದಿನ ಮೊದಲು ನಿಲ್ಲಿಸಿ ಬದಲಿ ಕೊಡುತ್ತಾರೆ. ಮರೆತರೆ ಉಪವಾಸದಲ್ಲಿ ರಕ್ತಕ್ಕೆ ಕೀಟೋನ್ ಆಮ್ಲ ತುಂಬಿಕೊಳ್ಳಬಹುದು. ಗ್ಲುಕೋಮೀಟರಿನಲ್ಲಿ ಸಕ್ಕರೆ ಸರಿಯಾಗಿಯೇ ಕಾಣುವುದರಿಂದ ಅದು ಬೇಗ ಪತ್ತೆಯಾಗುವುದೂ ಇಲ್ಲ.

ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯಲ್ಲಿ ತಲೆ ತಗ್ಗಿಸಿ ಗಂಟೆಗಟ್ಟಲೆ ಮಲಗಿಸುತ್ತಾರೆ, ಕಣ್ಣಿನ ಒತ್ತಡ ಏರುತ್ತದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆ ಇದ್ದರೆ ಮೊದಲೇ ತಿಳಿಸಿ.

ಅರಿವಳಿಕೆಗೆ 6 ಗಂಟೆ ಮೊದಲು ಊಟ ನಿಲ್ಲಬೇಕು. ಬರೀ ನೀರನ್ನು 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಹಾಲು ಹಾಕಿದ ಕಾಫಿ, ಗಂಜಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಜೀವಕ್ಕೇ ಕುತ್ತು. ಕೆಳಹೊಟ್ಟೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲೇ ಸೋಂಕು ಹೊಗುತ್ತದೆ.

ಗ್ರಂಥಿ ತೆಗೆದ ಮೇಲೆ ಕೆಲಕಾಲ ಮೂತ್ರ ಸೋರುವುದು ಸಾಮಾನ್ಯ. ಅದನ್ನು ಹಿಡಿಯುವ ಸ್ನಾಯುವನ್ನು ಈಗಲೇ ಪಳಗಿಸಿ. ಗಾಳಿ ಹೋಗದಂತೆ ತಡೆಯುವಾಗ ಬಿಗಿಯುತ್ತದಲ್ಲ, ಅದೇ ಸ್ನಾಯು. 5 ಸೆಕೆಂಡು ಬಿಗಿಹಿಡಿದು ಅಷ್ಟೇ ಹೊತ್ತು ಸಡಿಲಿಸಿ. ಹೀಗೆ 10 ಬಾರಿ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ, ಪೃಷ್ಠ ಬಿಗಿಯಬೇಡಿ. ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಹೋಗಲು ಹಾಕುವ ಕೊಳವೆ (ಕ್ಯಾಥೆಟರ್) ಇರುವಷ್ಟು ದಿನ ಈ ವ್ಯಾಯಾಮ ಬೇಡ. ತೆಗೆದ ಮೇಲೆ ವೈದ್ಯರನ್ನು ಕೇಳಿ ಮತ್ತೆ ಶುರುಮಾಡಿ.

ನಮಸ್ಕಾರ.