ಹೊಸ ರಕ್ತ, ಹಳೇ ವೈರಸ್

ಕೇಳುಗರೇ, ನಮಸ್ಕಾರ.

ರಕ್ತದ ಕ್ಯಾನ್ಸರ್‌ಗೆ ಕಾಂಡಕೋಶ ಕಸಿ, ಅಂದರೆ ರಕ್ತ ಹುಟ್ಟಿಸುವ ಕೋಶಗಳನ್ನು ದಾನಿಯಿಂದ ಪಡೆಯುವ ಚಿಕಿತ್ಸೆ, ಮಾಡಿಸಿಕೊಂಡವರ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಜ್ವರ ಇಲ್ಲ, ಊಟ ಸೇರುತ್ತಿದೆ, ಆದರೂ ಡಾಕ್ಟರು ವಾರ ವಾರ ರಕ್ತ ತೆಗೆಸುತ್ತಾರಲ್ಲ, ಯಾಕೆ?

ಆ ರಕ್ತದಲ್ಲಿ ಅವರು ಮುಖ್ಯವಾಗಿ ಹುಡುಕುವುದು ಸೈಟೋಮೆಗಾಲೋವೈರಸ್ಸನ್ನು. ಆಸ್ಪತ್ರೆಯಲ್ಲಿ ಸಿಎಂವಿ ಅನ್ನುತ್ತಾರೆ. ನಮ್ಮ ದೇಶದಲ್ಲಿ ಬಹುಪಾಲು ಜನರಿಗೆ ಇದು ಚಿಕ್ಕಂದಿನಲ್ಲೇ ತಗುಲಿರುತ್ತದೆ, ಗೊತ್ತೂ ಆಗಿರುವುದಿಲ್ಲ. ಆಮೇಲೆ ಜೀವನಪೂರ್ತಿ ಮೈಯಲ್ಲೇ ಸುಮ್ನೆ ಇದ್ದುಬಿಡುತ್ತದೆ. ಅದು ತಲೆ ಎತ್ತದಂತೆ ಕಾಯುವುದರಲ್ಲಿ ಟಿ ಕೋಶ ಎಂಬ ಬಿಳಿ ರಕ್ತಕಣಗಳದೇ ದೊಡ್ಡ ಪಾಲು. ಕಸಿಗೆ ಮುಂಚೆ ಕೊಡುವ ಕೀಮೋ ಈ ಕಾವಲನ್ನೂ ಅಳಿಸಿಹಾಕುತ್ತದೆ.

ಕಸಿಯಾದ ಮೇಲೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಮರಳುತ್ತವೆ. ಟಿ ಕೋಶಗಳಿಗೆ ಮಾತ್ರ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷಕ್ಕೂ ಜಾಸ್ತಿ. ವೈರಸ್ ಏಳುವುದು ಈ ಬಿಡುವಿನಲ್ಲೇ. ಪಿಸಿಆರ್ ಪರೀಕ್ಷೆಯಲ್ಲಿ ಅದು ಏರುತ್ತಿರುವುದು ಕಂಡರೆ, ಶ್ವಾಸಕೋಶ, ಕರುಳು ಹಾಳಾಗುವ ಮೊದಲೇ ಗ್ಯಾನ್‌ಸೈಕ್ಲೋವಿರ್‌ನಂಥ ಔಷಧ ಶುರುಮಾಡಬಹುದು.

ಇಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ವಿಷಯವಿದೆ. ಟಿ ಕೋಶಗಳ ಎಣಿಕೆ ಸರಿಯಿದ್ದರೆ ಸಾಲದು, ಅವು ಕೆಲಸ ಮಾಡುತ್ತಿರಬೇಕು. ಇಂಟರ್ಫೆರಾನ್ ಗ್ಯಾಮಾ ಅನ್ನುವ ಪ್ರೋಟೀನಿನ ಜೀನ್ ಪ್ರತಿ ಟಿ ಕೋಶದಲ್ಲೂ ಇರುತ್ತದೆ. ವೈರಸ್ಸಿನ ತುಣುಕಿನ ಗುರುತು ಸಿಕ್ಕ ಕೂಡಲೇ ಆ ಜೀನ್ ಚಾಲೂ ಆಗಬೇಕು, ಅದರ ಆರ್‌ಎನ್‌ಎ ಪ್ರತಿ ತಯಾರಾಗಬೇಕು, ಅದರಿಂದ ಪ್ರೋಟೀನ್ ಹೊರಬರಬೇಕು. ಆಗಲೇ ರಕ್ಷಣೆ. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೇ ತಿರುಗಿಬಿದ್ದಾಗ ಸ್ಟೀರಾಯ್ಡ್ ಕೊಡದೆ ವಿಧಿಯಿಲ್ಲ. ಆದರೆ ಅದು ಇದೇ ಜೀನನ್ನು ತಗ್ಗಿಸುತ್ತದೆ. ರಿಪೋರ್ಟಿನಲ್ಲಿ ಕೋಶಗಳಿವೆ, ಕೆಲಸವಿಲ್ಲ. ಅದಕ್ಕೇ ಕೆಲವು ಲ್ಯಾಬ್‌ಗಳಲ್ಲಿ ರೋಗಿಯ ರಕ್ತಕ್ಕೆ ಸಿಎಂವಿ ಪ್ರೋಟೀನಿನ ತುಣುಕು ಬೆರೆಸಿ, ರಾತ್ರಿಯಿಡೀ ಬೆಚ್ಚಗೆ ಇಟ್ಟು, ಇಂಟರ್ಫೆರಾನ್ ಎಷ್ಟು ಹುಟ್ಟಿತು ಅಂತ ಅಳೆಯುತ್ತಾರೆ.

ಹಾಗಾದರೆ ವೈರಸ್ಸನ್ನು ಗುರುತು ಹಿಡಿಯುವ ಕೋಶ ಬೇಗ ಸಿಗುವುದು ಎಲ್ಲಿಂದ? ದಾನಿಯಿಂದ. ದಾನಿಗೆ ಸಿಎಂವಿ ಮೊದಲೇ ತಗುಲಿದ್ದರೆ, ಪಳಗಿದ ಟಿ ಕೋಶಗಳು ಕಸಿಯ ಜೊತೆಗೇ ಬರುತ್ತವೆ. ಕಿಡ್ನಿ ಕಸಿಯಲ್ಲಿ ವೈರಸ್ ಇರುವ ದಾನಿ, ಇಲ್ಲದ ರೋಗಿ ಅಂದರೆ ಅಪಾಯ ಜಾಸ್ತಿ. ಕಾಂಡಕೋಶ ಕಸಿಯಲ್ಲಿ ಪೂರ್ತಿ ತಿರುವುಮುರುವು: ರೋಗಿಗೆ ಸಿಎಂವಿ ಇದ್ದು, ದಾನಿಗೆ ಇಲ್ಲದಿದ್ದರೇ ಹೆಚ್ಚು ಕಷ್ಟ. 1990ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದವರು ದಾನಿಯ ಇಂಥ ಟಿ ಕೋಶಗಳನ್ನೇ ಲ್ಯಾಬಿನಲ್ಲಿ ಬೆಳೆಸಿ ರೋಗಿಗಳಿಗೆ ಕೊಟ್ಟು, ಅವು ಮೈಯಲ್ಲಿ ಉಳಿದು ಕೆಲಸ ಮಾಡುವುದನ್ನು ತೋರಿಸಿದರು. 2017ರಲ್ಲಿ ಅಮೆರಿಕದಲ್ಲಿ ಲೆಟರ್ಮೊವಿರ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ವೈರಸ್ ಏಳುವ ಮೊದಲೇ ತಡೆಯಲು ಕೊಡುವ ಔಷಧ ಅದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಸಿ ಆಗಬೇಕಿದ್ದರೆ, ದಾನಿಯ ಸಿಎಂವಿ ರಿಪೋರ್ಟ್ ಏನು ಅಂತ ಡಾಕ್ಟರನ್ನು ಕೇಳಿ. ಎಚ್‌ಎಲ್‌ಎ, ಅಂದರೆ ಕೋಶಗಳ ಮೇಲಿರುವ ಗುರುತುಗಳ, ಹೊಂದಾಣಿಕೆಯೇ ಮೊದಲು, ನಿಜ. ಆದರೆ ಅಣ್ಣನದೂ ತಂಗಿಯದೂ ಒಂದೇ ರೀತಿ ಹೊಂದಿ, ರೋಗಿಗೆ ಸಿಎಂವಿ ಇದ್ದರೆ, ಇಬ್ಬರಲ್ಲಿ ಯಾರಿಗೆ ಆ ವೈರಸ್ ಮೊದಲೇ ತಗುಲಿದೆ ಅನ್ನುವುದನ್ನೂ ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.