ಹೊರೆಯಾಗದ ಅತಿಥಿ

ಮಾನ್ಯ ಅಧ್ಯಕ್ಷರೇ, ಸಭೆಯಲ್ಲಿರುವ ಹಿರಿಯರೇ, ಗೆಳೆಯರೇ,

ವಿಶ್ವ ಪ್ರವಾಸೋದ್ಯಮ ದಿನ ಸೆಪ್ಟೆಂಬರ್ 27ರಂದೇ ಬರುವುದು ನನಗೆ ಒಂದು ಕಾರಣಕ್ಕೆ ಬಹಳ ಹಿಡಿಸುತ್ತದೆ. ನಾವು ಇಲ್ಲಿ ಕುಳಿತು ಪ್ರವಾಸದ ಮಾತನಾಡುತ್ತಿರುವ ಈ ಹೊತ್ತಿನಲ್ಲಿ ಹಿಮಾಚಲದ ಎತ್ತರದ ಊರುಗಳಲ್ಲಿ ಸೇಬಿನ ಕೊಯ್ಲು ನಡೆಯುತ್ತಿರುತ್ತದೆ, ಅಲ್ಲಿಯವರಿಗೆ ಪ್ರವಾಸಿಗರ ಕಡೆ ತಿರುಗಿ ನೋಡಲೂ ಪುರುಸೊತ್ತು ಇರುವುದಿಲ್ಲ. ಅಂಥ ಊರಿಗೆ ನಾವು ಹೋದರೆ ಅವರ ಮನೆಗೆ ಅತಿಥಿಯಾಗುತ್ತೇವೆಯೋ ಅಥವಾ ಹೊರೆಯಾಗುತ್ತೇವೆಯೋ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ನಾನು ಇಂದು ಮಾತನಾಡುತ್ತೇನೆ. ಶಿಮ್ಲಾ, ಕುಲು, ಮನಾಲಿಗಳನ್ನು ಏಳು ದಿನಗಳಲ್ಲಿ ಮುಗಿಸಿ ಬರುವ ಪ್ರವಾಸ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ವಿವರಿಸುವುದಿಲ್ಲ.

ಶಿಮ್ಲಾದಿಂದ ಸುಮಾರು 60 ಕಿಲೋಮೀಟರ್ ದೂರದ ನಾರ್ಕಂಡಾವನ್ನು ದಾಟಿ, ಸಟ್ಲೆಜ್ ಕಣಿವೆಯ ಕಡೆಗೆ ಇಳಿಯುತ್ತಾ ಹೋದರೆ ಕೋಟ್‌ಗಢ ಮತ್ತು ಥಾನೇಧಾರ್ ಸಿಗುತ್ತವೆ. 1850ರಲ್ಲಿ ಕೆಲಸ ಶುರುವಾದ ಹಿಂದೂಸ್ಥಾನ್–ಟಿಬೆಟ್ ರಸ್ತೆ ಈ ಸೀಮೆಯನ್ನು ಹಾದೇ ಹೋಗುತ್ತಿತ್ತು. ಆ ದಾರಿಯಲ್ಲಿ ಓಡಾಡುತ್ತಿದ್ದ ಸಾಹೇಬರ ಪೆಟ್ಟಿಗೆ, ಡೇರೆ, ಬಂದೂಕುಗಳನ್ನು ಬೆನ್ನ ಮೇಲೆ ಹೊರುವ ಕೆಲಸ ಹಳ್ಳಿಯವರ ಪಾಲಿಗೆ ಬಂದಿತ್ತು. ಅದನ್ನು ಬೇಗಾರ್ ಎನ್ನುತ್ತಿದ್ದರು, ನಮ್ಮಲ್ಲಿ ಬಿಟ್ಟಿ ಚಾಕರಿ ಎನ್ನುತ್ತೇವಲ್ಲ, ಅದೇ. ಹೊಲದಲ್ಲಿ ಪೈರು ಕೊಯ್ಲಿಗೆ ಬಂದಿದ್ದರೂ ಕರೆ ಬಂದಾಗ ಹೊರೆ ಹೊರಲು ಹೋಗಲೇಬೇಕಿತ್ತು. ಬೆಟ್ಟದ ಊರಿಗೆ ಪ್ರವಾಸಿ ಹೊರೆಯಾಗುವುದು ನಿನ್ನೆ ಮೊನ್ನೆ ಹುಟ್ಟಿದ ಸಂಗತಿಯಲ್ಲ ಎಂದು ನಾನು ಹೇಳುವುದು ಇದರಿಂದಲೇ.

ಈ ಬೇಗಾರ್ ಪದ್ಧತಿಯ ವಿರುದ್ಧ ಊರಿನವರೊಡನೆ ನಿಂತು ಹೋರಾಡಿದವರು ಸ್ಯಾಮ್ಯುಯೆಲ್ ಸ್ಟೋಕ್ಸ್. ಫಿಲಡೆಲ್ಫಿಯಾದ, ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಅನುಕೂಲಸ್ಥ ಮನೆತನದ ಈ ಯುವಕ 1904ರಲ್ಲಿ, ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕುಷ್ಠರೋಗಿಗಳ ಸೇವೆ ಮಾಡಲು ಶಿಮ್ಲಾ ಬಳಿಯ ಸಬಾಥುವಿಗೆ ಬಂದರು, ಆಮೇಲೆ ಕೋಟ್‌ಗಢದಲ್ಲಿ ನೆಲೆಸಿ ಅಲ್ಲಿಯದೇ ಹುಡುಗಿಯನ್ನು ಮದುವೆಯಾದರು. ಅಮೆರಿಕದ ಮಿಸೌರಿಯ ನರ್ಸರಿಯೊಂದರಿಂದ ರೆಡ್ ಡೆಲಿಶಿಯಸ್ ತಳಿಯ ಸೇಬಿನ ಸಸಿಗಳನ್ನು ತರಿಸಿ 1916ರಲ್ಲಿ ನೆಟ್ಟರು. 1921ರಲ್ಲಿ ಬ್ರಿಟಿಷರು ಅವರನ್ನು ಜೈಲಿಗೆ ಹಾಕಿದರು, 1932ರಲ್ಲಿ ಅವರು ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದರಾದರು. ನಮ್ಮ ಮಾರುಕಟ್ಟೆಯಲ್ಲಿ 'ಶಿಮ್ಲಾ ಸೇಬು' ಎಂದು ಕೂಗಿ ಮಾರುವ ಹಣ್ಣಿನ ಹಿಂದೆ ಇಷ್ಟೆಲ್ಲ ಇದೆ. ಬೆನ್ನ ಮೇಲಿನ ಬೇರೆಯವರ ಹೊರೆಯನ್ನು ಇಳಿಸಿ, ಅದೇ ಬೆನ್ನಿಗೆ ಸ್ವಂತ ತೋಟದ ಹಣ್ಣಿನ ಬುಟ್ಟಿಯನ್ನು ಏರಿಸಿದ ಮನುಷ್ಯ ಅವರೆಂದು ನಾನು ಭಾವಿಸುತ್ತೇನೆ.

ಆ ಬುಟ್ಟಿಯ ಹೆಸರು ಕಿಲ್ಟಾ. ಮೇಲೆ ಅಗಲ, ಕೆಳಗೆ ಕಿರಿದು, ಬೆನ್ನಿಗೆ ಒಪ್ಪುವಂತೆ ಹೆಣೆದದ್ದು. ನನಗೆ ಅದರ ಪರಿಚಯವಾದದ್ದು ಒಂದು ಆಗಸ್ಟಿನಲ್ಲಿ. ಥಾನೇಧಾರದ ಒಂದು ತೋಟದ ಮನೆಯಲ್ಲಿ ಎರಡು ರಾತ್ರಿ ಉಳಿದು ಮುಂದೆ ಹೋಗುವುದೆಂದು ಬಂದಿದ್ದೆ. ಎರಡನೆಯ ರಾತ್ರಿ ಸುರಿದ ಮಳೆಗೆ ಕೆಳಗಿನ ರಸ್ತೆಯ ಮೇಲೆ ಗುಡ್ಡ ಕುಸಿಯಿತು. ಹಣ್ಣು ಪಕ್ವವಾಗಿ ಕೊಂಬೆಗಳು ಬಾಗಿದ್ದವು, ಕೊಯ್ಯಬೇಕಾಗಿದ್ದ ನೇಪಾಳದ ಇಬ್ಬರು ಆಳುಗಳು ಕುಸಿತದ ಆಚೆಗೆ ಸಿಕ್ಕಿಕೊಂಡಿದ್ದರು. ಮನೆಯ ಹಿರಿಯಾಕೆಯನ್ನು ಎಲ್ಲರಂತೆ ನಾನೂ ಅಮ್ಮಾಜಿ ಎನ್ನುತ್ತಿದ್ದೆ. ಮೂರನೆಯ ಬೆಳಿಗ್ಗೆ ಆಕೆ ಚಹಾ ಕೊಟ್ಟು, "ಬೇಟಾ, ಸುಮ್ಮನೆ ಕೂತಿರುವುದಕ್ಕಿಂತ ತೋಟಕ್ಕೆ ಬಾ" ಎಂದರು.

ಸೇಬು ಕೀಳುವುದರಲ್ಲಿ ಕಲಿಯಲು ಏನಿದೆ ಎಂದುಕೊಂಡು ಮೊದಲ ಹಣ್ಣನ್ನು ಜಗ್ಗಿದೆ, ಹಣ್ಣಿನ ಜೊತೆ ಬೆರಳುದ್ದದ ಗಿಡ್ಡ ಗಿಣ್ಣೂ ಮುರಿದು ಬಂತು. ಅಮ್ಮಾಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತೊಟ್ಟಿನ ಪಕ್ಕದಲ್ಲಿದ್ದ, ಭತ್ತದ ಕಾಳಿಗಿಂತ ತುಸು ದಪ್ಪಗಿನ ಮೊಗ್ಗನ್ನು ಉಗುರಿನಿಂದ ತೋರಿಸಿದರು. "ಇದು ಮುಂದಿನ ಫಸಲು, ನೀನು ಅದನ್ನೂ ಈಗಲೇ ಕಿತ್ತೆ" ಎಂದರು. ಬೈಗುಳದ ದನಿ ಇರಲಿಲ್ಲ, ಆದರೆ ಆ ಮಾತು ನನಗೆ ನಾಟಿತು. ಆಮೇಲೆ ಕಲಿಸಿದರು: ಹಣ್ಣನ್ನು ಅಂಗೈ ತುಂಬ ಹಿಡಿಯಬೇಕು, ಬೆರಳೊಂದನ್ನು ತೊಟ್ಟಿನ ಬುಡಕ್ಕೆ ಆನಿಸಬೇಕು, ಮೇಲಕ್ಕೆ ಎತ್ತಿ ತುಸು ತಿರುಗಿಸಬೇಕು. ಪಕ್ವವಾದ ಹಣ್ಣು ತೊಟ್ಟಿನ ಸಮೇತ ತಾನಾಗಿ ಕೈಗೆ ಬರುತ್ತದೆ. ತೊಟ್ಟು ಕಳಚಿದರೆ ಮಂಡಿಯಲ್ಲಿ ದರ ಇಳಿಯುತ್ತದೆ. ಹಣ್ಣನ್ನು ಕಿಲ್ಟಾದೊಳಕ್ಕೆ ಎಸೆಯಬಾರದು, ಕೈಯನ್ನು ಒಳಗಿನವರೆಗೆ ಇಳಿಸಿ ಇಡಬೇಕು, ಇಲ್ಲದಿದ್ದರೆ ಇಂದು ಕಾಣದ ಪೆಟ್ಟು ನಾಲ್ಕು ದಿನ ಕಳೆದು ಕಂದು ಕಲೆಯಾಗಿ ಮೇಲೇಳುತ್ತದೆ. ಎರಡು ರಾತ್ರಿಗೆಂದು ಹೋದವನು ಒಂಬತ್ತು ದಿನ ಉಳಿದೆ. ಸಂಜೆ ಅಕ್ರೋಟು ಹೂರಣದ ಸಿಡ್ಡು, ಅದು ನಮ್ಮ ಕಡುಬಿನ ಕಡೆಯ ನೆಂಟನೇ ಸರಿ, ಮೇಲೆ ತುಪ್ಪ. ಹಾಗೆ ದುಡಿದು ಉಂಡ ಊಟದ ರುಚಿ ನಾನು ಬೇರೆಲ್ಲೂ ಕಂಡಿಲ್ಲ.

ಗುಡ್ಡ ಕುಸಿಯದಿದ್ದರೆ ನಾನು ಆ ಊರಿನಿಂದ ನಾಲ್ಕು ಫೋಟೋ ತೆಗೆದುಕೊಂಡು ಬರುತ್ತಿದ್ದೆ, ಅಷ್ಟೆ. ಹೀಗೆ ಒಂದೇ ಊರಿನಲ್ಲಿ ಹಲವು ದಿನ ಉಳಿಯುವ ನಿಧಾನ ಪ್ರವಾಸ ಬಿಡುವಿದ್ದವರ ಶೋಕಿ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಲೆಕ್ಕವನ್ನೇ ನೋಡೋಣ. ಒಂದು ಕೋಣೆಗೆ ಹತ್ತು ದಿನಗಳಲ್ಲಿ ಹತ್ತು ಜೋಡಿ ಪ್ರವಾಸಿಗರು ಬಂದು ಹೋದರೆ ಹಾಸಿಗೆ ಹೊದಿಕೆಯನ್ನು ಹತ್ತು ಸಲ ಒಗೆಯಬೇಕು, ಹತ್ತು ಟ್ಯಾಕ್ಸಿಗಳು ಆ ಕಿರಿದಾದ ರಸ್ತೆಯನ್ನು ಏರಿ ಇಳಿಯಬೇಕು. ಒಂದೇ ಜೋಡಿ ಹತ್ತು ದಿನ ಉಳಿದರೆ ಮನೆಯವರಿಗೆ ಬರುವ ಹಣ ಹೆಚ್ಚುಕಡಿಮೆ ಅಷ್ಟೇ, ಖರ್ಚಾಗುವ ನೀರು ಎಷ್ಟೋ ಕಡಿಮೆ. 2018ರ ಮೇ ತಿಂಗಳಲ್ಲಿ ಶಿಮ್ಲಾದ ನಲ್ಲಿಗಳಲ್ಲಿ ದಿನಗಟ್ಟಲೆ ನೀರು ಬರಲಿಲ್ಲ, ದಯವಿಟ್ಟು ಬರಬೇಡಿ ಎಂದು ಅಲ್ಲಿಯ ಜನರೇ ಪ್ರವಾಸಿಗರನ್ನು ಕೇಳಿಕೊಂಡರು. ಬೇಗಾರ್ ಹೋಯಿತು ನಿಜ, ಹೊರೆ ಹೋಗಿಲ್ಲ, ಈಗ ಅದನ್ನು ಬೆನ್ನಿನ ಬದಲು ಊರಿನ ನೀರು ಹೊರುತ್ತಿದೆ.

ಎರಡನೆಯ ಮಾತು ಋತುವಿನದು. ಅಲ್ಲಿಯವರು 'ರಾಯಲ್' ಎನ್ನುವ ಹಳೆಯ ಸೇಬಿನ ತಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ಉಷ್ಣತೆ ಸುಮಾರು ಸಾವಿರ ಗಂಟೆಗಳಷ್ಟಾದರೂ ಬೇಕು, ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಹಿಮವನ್ನು ಅವರು ಬಿಳಿ ಗೊಬ್ಬರ ಎನ್ನುತ್ತಾರೆ. ನಾವು ಹಿಮದಲ್ಲಿ ಆಡಲು ಹೋಗುವ ಜನವರಿಯಲ್ಲಿ ಅವರು ಮರ ಸವರುತ್ತಿರುತ್ತಾರೆ, ಬುಡದ ಸುತ್ತ ದುಂಡಗೆ ಪಾತಿ ಬಿಡಿಸುತ್ತಿರುತ್ತಾರೆ. ಆ ಪಾತಿಗೆ ಅವರ ಮಾತಿನಲ್ಲಿ ತೌಲಿಯಾ ಎಂದು ಹೆಸರು, ಮರದ ಬುಡಕ್ಕೆ ಟವೆಲ್ ಹಾಸಿದಂತೆಯೇ ಅದು ಕಾಣುತ್ತದೆ. ಹಿಮ ಬೀಳದ ವರ್ಷ ಪ್ರವಾಸಿಗೆ ಒಂದು ವಾರದ ನಿರಾಸೆ, ಅವರಿಗೆ ಒಂದು ಇಡೀ ಫಸಲಿನ ಆತಂಕ. ಒಂದೇ ಆಕಾಶವನ್ನು ನೋಡುತ್ತಾ ನಿಂತ ಇಬ್ಬರಿಗೆ ಇಷ್ಟು ಅಂತರವಿರುವುದು ಪಕ್ಕದಲ್ಲಿ ಕೆಲವು ದಿನ ಬಾಳದೆ ತಿಳಿಯುವುದಿಲ್ಲ.

ಸಮಯ ಮುಗಿಯುತ್ತಿದೆ ಎಂಬ ಚೀಟಿ ಬಂದಿದೆ. ಕಿನ್ನೌರದ ಕಲ್ಪಾ, ಸಾಂಗ್ಲಾಗಳ ಬಗ್ಗೆ, ಕಲ್ಲು ಮರಗಳನ್ನು ವರಸೆ ವರಸೆಯಾಗಿ ಹೂಡಿ ಕಟ್ಟುವ ಕಾಠ್‌ಕುಣಿ ಮನೆಗಳ ಬಗ್ಗೆ ಹೇಳಬೇಕೆಂದಿದ್ದೆ, ಅದು ಇನ್ನೊಮ್ಮೆ ಆಗಲಿ. ನಮ್ಮ ಕೊಡಗಿನ ಹೋಮ್‌ಸ್ಟೇಗಳಿಗೂ ಈ ಮಾತು ಸಲ್ಲುತ್ತದೆ. ಶನಿವಾರ ಹೋಗಿ ಭಾನುವಾರ ಮರಳುವವರು ಕಾಫಿ ತೋಟದ ನಡುವೆ ಉಳಿದಿರುವ ಕಿತ್ತಳೆ ಮರವನ್ನು ಗುರುತಿಸಿ, ಅದು ಯಾಕೆ ಇಷ್ಟು ಕಡಿಮೆಯಾಯಿತು ಎಂದು ಮನೆಯವರನ್ನು ಒಮ್ಮೆ ಕೇಳಲಿ.

ಕೊಯ್ಲಿನಲ್ಲಿ ಹೊಸಬರು ಕಾಲಿಗೆ ತೊಡರಬಹುದು, ಆದ್ದರಿಂದ ಮೊದಲ ಸಲ ಹೋಗುವವರು ಏಪ್ರಿಲ್‌ನಲ್ಲಿ ಹೋಗಿ. ನಾನೂ ಮರುವರ್ಷ ಏಪ್ರಿಲ್‌ನಲ್ಲಿ ಹೋದೆ. ಹೂವು ಬಿಟ್ಟಿತ್ತು, ಪರಾಗಸ್ಪರ್ಶಕ್ಕೆಂದು ಬಾಡಿಗೆಗೆ ತಂದ ಜೇನುಪೆಟ್ಟಿಗೆಗಳು ಮರಗಳ ಕೆಳಗೆ ಇದ್ದವು, ಆಲಿಕಲ್ಲಿನ ಭಯಕ್ಕೆ ಮೇಲೆ ಬಲೆ ಕಟ್ಟುತ್ತಿದ್ದರು. ಅಮ್ಮಾಜಿ ನನ್ನನ್ನು ನೇರವಾಗಿ ಆ ಮರದ ಬಳಿಗೆ ಕರೆದುಕೊಂಡು ಹೋಗಿ ನಾನು ಮುರಿದಿದ್ದ ಜಾಗವನ್ನು ತೋರಿಸಿದರು. ಸುತ್ತಲೂ ಹೂವಿನ ಗೊಂಚಲು, ಆ ಬೆರಳುದ್ದದ ಜಾಗ ಮಾತ್ರ ಬರಿದಾಗಿತ್ತು. ಆಮೇಲೆ ಬಲೆಯ ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು.

ನಮಸ್ಕಾರ.