ಮೊದಲು ನೆರಳು ನೋಡಿ

ಕೇಳುಗರಿಗೆ ನಮಸ್ಕಾರ.

ತಾರಸಿ ಮೇಲೆ ಸೋಲಾರ್ ಹಾಕಿಸಬೇಕು ಅಂದುಕೊಂಡವರು ಮೊದಲು ಕೇಳುವುದು, ಎಷ್ಟು ಖರ್ಚಾಗುತ್ತದೆ ಅಂತ. ನನ್ನನ್ನು ಕೇಳಿದರೆ, ಅದಕ್ಕಿಂತ ಮುಂಚೆ ತಾರಸಿ ಹತ್ತಿ ನೆರಳು ಎಲ್ಲಿ ಬೀಳುತ್ತದೆ ನೋಡಬೇಕು. ದುಡ್ಡನ್ನು ಸಾಲ ಮಾಡಿಯಾದರೂ ಹೊಂದಿಸಬಹುದು. ಪಕ್ಕದ ಮನೆಯ ತೆಂಗಿನಮರವನ್ನು ಸರಿಸಲಾಗದು.

ನೆರಳನ್ನು ಬೇಸಿಗೆಯಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಬೆಂಗಳೂರು, ಮೈಸೂರು ಕಡೆ ಮೇ, ಜೂನ್, ಜುಲೈನ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ಕೊಂಚ ಉತ್ತರಕ್ಕಿರುತ್ತಾನೆ. ಆಗ ತಾರಸಿಯೆಲ್ಲ ಬಯಲಾಗಿ ಕಾಣುತ್ತದೆ. ಡಿಸೆಂಬರ್ ಹೊತ್ತಿಗೆ ದಕ್ಷಿಣಕ್ಕೆ ವಾಲುತ್ತಾನೆ. ಎಂಟಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿನಲ್ಲೂ ಉತ್ತರಕ್ಕೆ ಸುಮಾರು ಆರಡಿ ಚಾಚಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಇನ್ನೂ ಉದ್ದ. ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ, ಹಾಗಾಗಿ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು ಕೊಡಬಹುದು. ಚಳಿಗಾಲದಲ್ಲೊಮ್ಮೆ ಸೀಮೆಸುಣ್ಣ ಹಿಡಿದು ಹೋಗಿ, ಒಂಬತ್ತು, ಹನ್ನೆರಡು, ಮೂರು ಗಂಟೆಗೆ ನೆರಳಿನ ಅಂಚು ಗುರುತು ಮಾಡಿ. ಗೆರೆಯಿಂದಾಚೆ ಉಳಿದದ್ದೇ ನಿಮ್ಮ ಜಾಗ. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಪ್ಯಾನೆಲ್‌ಗಳಿಗೆ ಸುಮಾರು ನೂರು ಚದರಡಿ ಬೇಕು.

ಇನ್ನು ಕರೆಂಟ್ ಬಿಲ್. ಒಂದು ವರ್ಷದ್ದನ್ನು ಎದುರಿಗಿಟ್ಟುಕೊಳ್ಳಿ. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ. ತಿಂಗಳಿಗೆ 240 ಯೂನಿಟ್ ಬಳಸುವ ಮನೆಗೆ ಎರಡು ಕಿಲೋವ್ಯಾಟ್ ಸಾಕು. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಸೊನ್ನೆ ಬರುತ್ತಿದ್ದರೆ ಈಗಲೇ ಹಾಕಿಸುವ ಅವಸರವಿಲ್ಲ, ಉಳಿಸಲು ಬಿಲ್ಲೇ ಇಲ್ಲವಲ್ಲ. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಗೆ ನಿಜವಾದ ಲಾಭ.

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೂ ಅದಕ್ಕಿಂತ ಹೆಚ್ಚಿನದಕ್ಕೂ 78,000 ರೂಪಾಯಿ ಸಬ್ಸಿಡಿ ಇಡಲಾಗಿದೆ. ಅರ್ಜಿ ಆ ಯೋಜನೆಯ ಪೋರ್ಟಲ್‌ನಲ್ಲೇ ಹಾಕಬೇಕು, ಪ್ಯಾನೆಲ್ ನಮ್ಮ ದೇಶದಲ್ಲೇ ತಯಾರಾದದ್ದಾಗಿರಬೇಕು. ಹಣ ಕೆಲಸ ಮುಗಿದ ಮೇಲೆ ನಿಮ್ಮ ಖಾತೆಗೆ ಬರುತ್ತದೆ, ಮೊದಲು ಕೈಯಿಂದ ಹಾಕಬೇಕಾಗಬಹುದು.

ಬಹಳ ಮಂದಿಗೆ ಹಾಕಿಸಿದ ಮೇಲೆ ಗೊತ್ತಾಗುವ ವಿಷಯವೊಂದಿದೆ. ಬ್ಯಾಟರಿ ಇಲ್ಲದ, ಲೈನಿಗೆ ಸೇರಿದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ, ಸುಡುಬಿಸಿಲಿದ್ದರೂ. ಕೆಟ್ಟಿದೆ ಅಂತಲ್ಲ. ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹರಿದ ಕರೆಂಟ್ ತಗುಲಬಾರದೆಂದು, ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಒಗ್ಗಿಸುವ ಇನ್ವರ್ಟರ್ ಹಾಗೆ ನಿಲ್ಲುವುದು ಕಡ್ಡಾಯ. ಆ ಜೀವದ ಮುಂದೆ ನಮ್ಮ ಫ್ಯಾನ್ ದೊಡ್ಡದಲ್ಲ. ಕರೆಂಟ್ ಹೋದಾಗಲೂ ದೀಪ ಉರಿಯಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ವ್ಯವಸ್ಥೆ ಬೇಕು, ಅದು ದುಬಾರಿ. ಹಾಕುವವರನ್ನು ಮುಂಗಡ ಕೊಡುವ ಮೊದಲೇ ಇದನ್ನು ಕೇಳಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ ಸುಮಾರು 13ರಿಂದ 15 ಡಿಗ್ರಿ ಓರೆಯಾಗಿರಲಿ. ಹಪ್ಪಳ, ಸಂಡಿಗೆ ಒಣಗಿಸಲು ಜಾಗ ಉಳಿಯಲಿ ಎಂದು ಎತ್ತರದ ಚೌಕಟ್ಟು ಕಟ್ಟಿಸುವವರಿದ್ದಾರೆ. ಒಳ್ಳೆಯದೇ, ಆದರೆ ಆಷಾಢದ ಗಾಳಿ ನೆನಪಿರಲಿ: ಕಲಾಯಿ ಹಾಕಿದ ಗಟ್ಟಿ ಕಬ್ಬಿಣ, ಭದ್ರವಾದ ಬುನಾದಿ ಬೇಕು. ಅರ್ಥಿಂಗ್‌ನಲ್ಲೂ ಜಿಪುಣತನ ಬೇಡ.

ಲೈನಿನಿಂದ ಮನೆಯೊಳಗೆ ಬಂದ ಕರೆಂಟನ್ನೂ ನಿಮ್ಮ ಸೋಲಾರ್‌ನಿಂದ ಲೈನಿಗೆ ಹೋದದ್ದನ್ನೂ ಬೇರೆಬೇರೆಯಾಗಿ ತೋರಿಸುವ ನೆಟ್ ಮೀಟರ್ ಕೂತು, ಎರಡೂ ಓದುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕೊನೆಯ ಕಂತು ಕೊಡಿ. ಆಮೇಲಿನದು ಧೂಳು ತೊಳೆಯುವ ಕೆಲಸ. ಬಿಸಿಲೇರುವ ಮುಂಚೆ ತೊಳೆಯಿರಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಬೋರ್‌ವೆಲ್‌ನ ಗಡಸು ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ, ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ.

ನಮಸ್ಕಾರ.